‘ರಚನೆ’ ಎಂಬಲ್ಲಿ ನನ್ನ ಹೆಸರು

ನನಗೆ ಕೋಪ ಬೇಗ ಬರುತ್ತದೆ, ನಾಚಿಕೆ ನಿಧಾನವಾಗಿ ಬರುತ್ತದೆ. ಈ ಮಾತನ್ನು ನನ್ನ ಗಂಡ ಮದುವೆಯಾದ ಹೊಸತರಲ್ಲೇ ಹೇಳಿದ್ದ. ಆಗ ಅವನ ಮೇಲೂ ಕೋಪ ಮಾಡಿಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಈಗ ಹೇಳಹೊರಟಿರುವುದು ಅಂಥ ಒಂದು ಕೋಪದ ಸಂಗತಿ, ಮತ್ತು ಅದರ ಹಿಂದೆ ತಿಂಗಳುಗಟ್ಟಲೆ ತಡವಾಗಿ ಬಂದ ನಾಚಿಕೆಯ ಸಂಗತಿ. ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ಸಲ ಬರೆದು ಹರಿದಿದ್ದೇನೆ, ಏನೂ ಹಗುರಾಗಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ ಒಂದು ಗೋದಾಮಿನಲ್ಲಿ ನನ್ನ ಕೆಲಸ. ಗಣಿಗಳಿಗೆ ಬೇಕಾದ ಬೂಟು, ಕೈಗವಸು, ಹೊಳೆಯುವ ಪಟ್ಟಿ ಹಾಕಿದ ಜಾಕೆಟ್ಟುಗಳು ಅಲ್ಲಿಂದ ಲಾರಿ ಹತ್ತುತ್ತವೆ. ಯಾವ ಪೆಟ್ಟಿಗೆ ಯಾವ ಲಾರಿಗೆ ಎಂದು ನೋಡುವವಳು ನಾನು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವಳು. ನಿಜ ಹೇಳಬೇಕೆಂದರೆ ಓದಿದ್ದಕ್ಕಿಂತ ಕಾಲೇಜಿನ ನಾಟಕಗಳಲ್ಲಿ ಮೆರೆದದ್ದೇ ಹೆಚ್ಚು. ಇಲ್ಲಿಯ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ ನಮ್ಮ ಕನ್ನಡ ಸಂಘದಲ್ಲಿ ನಾಟಕ ಎಂದರೆ ನಾನು, ನಾನು ಎಂದರೆ ನಾಟಕ ಎಂದಾಗಿತ್ತು. ಹಾಗೆ ಆಗುವಂತೆ ನಾನೇ ನೋಡಿಕೊಂಡಿದ್ದೆ. ಆದರೆ ಅಲ್ಲಿಯವರೆಗೆ ಒಂದೇ ಒಂದು ನಾಟಕವನ್ನೂ ಸ್ವಂತವಾಗಿ ಬರೆದಿರಲಿಲ್ಲ. ಬೇರೆಯವರು ಬರೆದದ್ದನ್ನು ಆಡಿಸುತ್ತಿದ್ದೆ, ‘ನೀವ್ಯಾಕೆ ಬರೀಬಾರ್ದು’ ಎಂದು ಯಾರಾದರೂ ಕೇಳಿದರೆ ಟೈಮ್ ಇಲ್ಲ ಎನ್ನುತ್ತಿದ್ದೆ. ಟೈಮ್ ಇತ್ತು, ಬರೆಯಲು ಬರುತ್ತಿರಲಿಲ್ಲ.

ಹೀಗಿರುವಾಗ ವಾಪಸು ಬಂದ ಬಟ್ಟೆಗಳನ್ನು ಪರೀಕ್ಷಿಸುವ ಮೇಜಿಗೆ ಏಜೆನ್ಸಿಯವರು ಒಬ್ಬ ಹೊಸಬರನ್ನು ಕಳಿಸಿದರು. ಅರವತ್ತೇಳು ವರ್ಷ, ಮೆಕ್ಸಿಕೊ ದೇಶದವರು, ತೆಳ್ಳಗಿನ ಆಸಾಮಿ, ಬಣ್ಣ ಹಚ್ಚಿದ ಮೀಸೆ. ಹೆಂಡತಿ ತೀರಿಕೊಂಡ ಮೇಲೆ, ಇಲ್ಲಿ ನರ್ಸಾಗಿದ್ದ ಮಗಳ ಹತ್ತಿರ ಬಂದು ನೆಲೆಸಿದ್ದರು. ಮೊದಲ ದಿನವೇ ಒಂದು ಜಾಕೆಟ್ಟನ್ನು ಒಳಗು ಹೊರಗು ಮಾಡಿ, ಹೊಲಿಗೆಯ ಮೇಲೆ ಉಗುರು ಎಳೆದು, “ಇದನ್ನು ಹೊಲಿದವನಿಗೆ ಮನೆಗೆ ಹೋಗುವ ಅವಸರ ಇತ್ತು” ಎಂದರು. ನನಗೆ ನಗು ಬಂತು.

“ನೀವು ಟೈಲರಾ?” ಎಂದು ಕೇಳಿದೆ.

“ಅಪ್ಪ ಟೈಲರು. ನಾನು ದೆವ್ವ.”

ಅವರ ಇಂಗ್ಲಿಷು ಮೂರು ಕಾಲಿನ ಕುರ್ಚಿ. ನನ್ನದು ಮೈಸೂರಿನ ಇಂಗ್ಲಿಷು. ನಾವು ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ದೆವ್ವ ಎಂದರೆ ಏನೆಂದು ಬೆಳಗಿನ ವಿರಾಮದಲ್ಲಿ ತಿಳಿಯಿತು. ಆ ವಿರಾಮಕ್ಕೆ ಇಲ್ಲಿಯವರು ಸ್ಮೋಕೊ ಎನ್ನುತ್ತಾರೆ, ಬೀಡಿ ಸಿಗರೇಟು ಸೇದದವರಿಗೂ ಅದು ಸ್ಮೋಕೊನೇ. ಅವರ ನಾಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಊರೂರಲ್ಲಿ ಒಂದು ಆಟ ಆಡುತ್ತಾರಂತೆ. ಕುರುಬರು ಕೂಸು ಯೇಸುವನ್ನು ನೋಡಲು ಹೊರಡುತ್ತಾರೆ, ದೆವ್ವ ದಾರಿ ತಪ್ಪಿಸುತ್ತದೆ, ಕೊನೆಗೆ ದೇವದೂತ ಬಂದು ದೆವ್ವವನ್ನು ಬಡಿದು ಕೆಡವುತ್ತಾನೆ. ಇವರು ಮೂವತ್ತೊಂದು ವರ್ಷ ಆ ದೆವ್ವ. ಇವರ ಹೆಂಡತಿಯೇ ದೇವದೂತ.

“ಮೂವತ್ತೊಂದು ವರ್ಷ ಜನರೆದುರು ನನ್ನನ್ನು ಕತ್ತಿಯಲ್ಲಿ ಹೊಡೆದಳು. ಮನೆಗೆ ಹೋದ ಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು” ಎಂದು ಹೇಳಿ, ಬಿದ್ದ ದೆವ್ವದ ಹಾಗೆ ಲಂಚ್ ರೂಮಿನ ಕುರ್ಚಿಯಲ್ಲಿ ಜಾರಿ ತೋರಿಸಿದರು. ಮೂಲೆಯಲ್ಲಿ ಮಾಂಸ ತುಂಬಿದ ಪೈ ತಿನ್ನುತ್ತಿದ್ದ ಲಾರಿ ಡ್ರೈವರ್‌ಗಳು ಎದ್ದು ಬಂದು ಏನಾಯಿತೆಂದು ನೋಡಿದರು.

ನನಗೂ ನಾಟಕದ ಹುಚ್ಚಿದೆ ಎಂದು ತಿಳಿದ ಗಳಿಗೆಯಿಂದ ಅವರು ನನ್ನನ್ನು ‘ಮಾಯೆಸ್ತ್ರಾ’ ಎಂದು ಕರೆಯತೊಡಗಿದರು. ಅಲ್ಲಿ ರಂಗದ ಜನ ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರಂತೆ; ಕಲಿಸುವವರು ಎಂದು ಅರ್ಥ. “ಅಯ್ಯೋ, ಇದು ನಮ್ಮ ಮೇಷ್ಟ್ರು!” ಎಂದೆ. ಅಂದಿನಿಂದ ಅವರು ನನಗೆ ಮೇಷ್ಟ್ರು. ಅವರಿಗೆ ಆ ಪದ ಎಷ್ಟು ಹಿಡಿಸಿತೆಂದರೆ ಫೋನ್ ಎತ್ತಿ ‘ಹಲೋ’ ಎನ್ನುವ ಬದಲು ‘ಮೇಷ್ಟ್ರು’ ಎನ್ನುತ್ತಿದ್ದರು.

ಅವರ ಜೀವನವನ್ನು ನಾನು ಹೀಗೆ ಸ್ಮೋಕೊ ಸ್ಮೋಕೊ ಸೇರಿಸಿ ಕೇಳಿದೆ. ಪುಯೆಬ್ಲಾ ಎಂಬ ಊರು. ಎಂಟನೇ ವಯಸ್ಸಿನಲ್ಲಿ ಊರಾಚೆ ಡೇರೆ ಹಾಕಿದ ನಾಟಕದ ಕಂಪನಿಗೆ ಸತ್ತ ಮಗುವಿನ ಪಾತ್ರಕ್ಕೆ ಒಬ್ಬ ಹುಡುಗ ಬೇಕಾಗಿದ್ದ. ಇವರು ಕಂಬಳಿಯಡಿ ಮಲಗಿ, ಕಂಬಳಿಯ ದೂಳಿಗೆ ಸೀನಿಬಿಟ್ಟರು. ಅಳುತ್ತಿದ್ದ ಜನ ಬಿದ್ದು ಬಿದ್ದು ನಕ್ಕರು. ಕಂಪನಿಯ ಮಾಲೀಕ ಕಿವಿ ಹಿಂಡಿ ಎಬ್ಬಿಸಿ, “ನಾಳೆಯೂ ಸೀನು” ಎಂದನಂತೆ. ಮಗ ಕಂಪನಿಯ ಹಿಂದೆ ಓಡಿಹೋಗಬಾರದು ಎಂದು ಅಪ್ಪ ತಾನೇ ಆ ಕಂಪನಿಯ ವೇಷಗಳನ್ನು ಹೊಲಿದುಕೊಡಲು ಒಪ್ಪಿಕೊಂಡ. ದೊಡ್ಡವರಾದ ಮೇಲೆ ಇವರದೇ ಆರು ಜನರ ತಂಡ. ಮಾರ್ಕೆಟ್ಟಿನ ಶೆಡ್ಡು, ಶಾಲೆಯ ಅಂಗಳ, ಕಾರ್ಮಿಕರ ಸಭಾಂಗಣ, ಎಲ್ಲಿ ಕರೆದರೆ ಅಲ್ಲಿ ಆಟ. ಹೊಟ್ಟೆಪಾಡಿಗೆ ರೇಡಿಯೊದಲ್ಲಿ ಸೋಪಿನ ಜಾಹೀರಾತು ಓದುತ್ತಿದ್ದರು. ಹನ್ನೊಂದು ನಾಟಕ ಬರೆದರು. ಒಂದೂ ಪುಸ್ತಕವಾಗಲಿಲ್ಲ. ಕಾರ್ಬನ್ ಹಾಳೆಯಿಟ್ಟು ಟೈಪು ಮಾಡಿದ ಪ್ರತಿಗಳು ಆಡಿದವರ ಕೈಯಲ್ಲೇ ಹರಿದುಹೋದವು.

“ಎಲ್ಲ ಬಾಯಲ್ಲಿದೆ” ಎಂದು ಮೀಸೆ ಮುಟ್ಟಿಕೊಂಡರು.

ಹನ್ನೊಂದರಲ್ಲಿ ಒಂದು ಟೈಲರನ ಹೆಂಡತಿಯದು. ಟೈಲರ್ ಇದ್ದಕ್ಕಿದ್ದಂತೆ ಸಾಯುತ್ತಾನೆ. ಅಂಗಡಿಯಲ್ಲಿ ಅರ್ಧ ಹೊಲಿದ ಬಟ್ಟೆಗಳು ಉಳಿದಿವೆ. ಹೆಂಡತಿ ದಿನಾ ಬಾಗಿಲು ತೆರೆದು ಕೂರುತ್ತಾಳೆ, ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮದನ್ನು ತೆಗೆದುಕೊಂಡು ಹೋಗುತ್ತಾರೆ. ಒಬ್ಬನ ಕೋಟಿಗೆ ಒಂದು ತೋಳಿಲ್ಲ; ಹಾಗೇ ಹಾಕಿಕೊಂಡು ಹೋಗುತ್ತಾನೆ. ಕೊನೆಗೆ ಯಾರೂ ಕೇಳದ ಒಂದು ಕೆಂಪು ಉಡುಪು ಉಳಿಯುತ್ತದೆ. ಅಳತೆ ಪುಸ್ತಕ ತೆಗೆದು ನೋಡಿದರೆ ಅದು ಅವಳದೇ ಅಳತೆ, ಮದುವೆಯ ವರ್ಷದ್ದು. ಈಗ ಅವಳ ಮೈಗೆ ಅದು ಆಗುವುದಿಲ್ಲ. ನಾಟಕ ಅಲ್ಲಿಗೆ ಮುಗಿಯುತ್ತದೆ. ಮೇಷ್ಟ್ರು ಅದನ್ನು ವಾಪಸು ಬಂದ ಜಾಕೆಟ್ಟುಗಳನ್ನೇ ಹಿಡಿದು ನನ್ನೆದುರು ಆಡಿ ತೋರಿಸಿದರು. ಬುತ್ತಿಯ ಡಬ್ಬಿ ತೆರೆದಿಟ್ಟುಕೊಂಡು ನಾನು ಅತ್ತೆ.

“ಇದು ಅಮ್ಮನ ಕಥೆ” ಎಂದರು ಆಮೇಲೆ. ಬಟ್ಟೆಯನ್ನು ಮಡಿಸುತ್ತ ಇನ್ನೊಂದು ಸಂಗತಿ ಹೇಳಿದರು. ಅಮ್ಮ ಆ ಕೆಂಪು ಉಡುಪನ್ನು ಒಂದು ದಿನ ಕೂತು ಹೊಲಿಗೆ ಹೊಲಿಗೆ ಬಿಚ್ಚಿದಳು. ಆ ಬಟ್ಟೆಯಲ್ಲೇ ಮಗನಿಗೆ ಮೊದಲ ದೆವ್ವದ ವೇಷ ಹೊಲಿದುಕೊಟ್ಟಳು.

“ಅದೇ ಅಲ್ವಾ ನಿಜವಾದ ಕೊನೆ! ನಾಟಕದಲ್ಲಿ ಯಾಕೆ ಹಾಕಲಿಲ್ಲ?” ಎಂದೆ.

“ಅದು ಅಮ್ಮಂದು. ನಾಟಕದ್ದಲ್ಲ” ಎಂದರು.

ಅದನ್ನು ಕನ್ನಡದಲ್ಲಿ ಆಡಿಸಲಾ ಎಂದು ಕೇಳಿದಾಗ ಅವರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಕೇಳಿದ್ದು ಒಂದೇ. ಅವರ ಕಡೆ ನಾಟಕಕ್ಕೆ ಮುಂಚೆ ಮೂರು ಸಲ ಕೂಗಿ ಕರೆಯುತ್ತಾರಂತೆ, ನಮ್ಮಲ್ಲಿ ಮೂರು ಬೆಲ್ ಹೊಡೆದ ಹಾಗೆ. ಮೂರನೆಯದಾದ ಮೇಲೆ ಬರೆದವನ ಹೆಸರು ಹೇಳುವುದು ಅವರ ತಂಡದ ಪದ್ಧತಿ. “ಆಸ್ಟ್ರೇಲಿಯಾದಲ್ಲಿ ಒಂದು ಸಲ ನನ್ನ ಹೆಸರು ಹಾಗೆ ಕೇಳಬೇಕು, ಕಾಗದದಲ್ಲಿ ಒಂದು ಸಲ ಅಚ್ಚಾಗಬೇಕು. ಚಿಕ್ಕ ಅಕ್ಷರದಲ್ಲಾದರೂ ಸಾಕು” ಎಂದರು. ನಾನು ‘ದೊಡ್ಡ ಅಕ್ಷರದಲ್ಲೇ ಹಾಕ್ತೀನಿ ಮೇಷ್ಟ್ರೇ’ ಎಂದೆ.

ಆ ಮಾತು ಹೇಳುವಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಸಂಘದ ಏಕಾಂಕ ಸ್ಪರ್ಧೆಯ ಅರ್ಜಿ ಕೈಗೆ ಬಂದಾಗ. ಗೆದ್ದ ನಾಟಕಕ್ಕೆ ಬ್ರಿಸ್ಬೇನ್ ಮತ್ತು ಅಡಿಲೇಡಿನ ಕನ್ನಡ ಸಂಘಗಳಲ್ಲಿ ಪ್ರದರ್ಶನ. ನಿಯಮ ಹೀಗಿತ್ತು: ಸ್ವಂತ ರಚನೆಯಾಗಿರಬೇಕು, ಅನುವಾದ, ರೂಪಾಂತರಗಳನ್ನು ಸ್ಪರ್ಧೆಗೆ ಪರಿಗಣಿಸುವುದಿಲ್ಲ. ಕನ್ನಡದಲ್ಲಿ ರೂಪಾಂತರ ಎನ್ನುವುದು ಮರ್ಯಾದಸ್ಥ ಪದ. ಮೂಲದವರ ಹೆಸರು ಹಾಕಿ ಪಕ್ಕದಲ್ಲಿ ಆ ಪದ ಬರೆದರೆ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ನಾನು ಆ ಪದವನ್ನು ಬರೆಯಲಿಲ್ಲ. ‘ರಚನೆ’ ಎಂಬಲ್ಲಿ ನನ್ನ ಹೆಸರು ಬರೆದೆ. ಅವರು ಬಾಯಲ್ಲಿ ಹೇಳಿದ್ದು, ಒಂದೊಂದು ಕನ್ನಡ ಪದವನ್ನೂ ಕೂಡಿಸಿದವಳು ನಾನು, ಪುಯೆಬ್ಲಾದ ಗಲ್ಲಿಯನ್ನು ಮೈಸೂರಿನ ಗಲ್ಲಿ ಮಾಡಿದವಳು ನಾನು ಎಂದು ನನಗೆ ನಾನೇ ವಕೀಲಳಾದೆ. ಕೆಂಪು ಉಡುಪು ನನ್ನ ಕೈಯಲ್ಲಿ ಕೆಂಪು ರವಿಕೆಯಾಯಿತು. ಇಷ್ಟಕ್ಕೇ ನಿಂತಿದ್ದರೆ ಒಂದು ತೂಕ. ಗೆಲ್ಲಬೇಕಿತ್ತಲ್ಲ? ಹೆಂಡತಿ ಆ ರವಿಕೆಯನ್ನು ಬಿಚ್ಚಿ ಮಗನ ಯಮನ ವೇಷಕ್ಕೆ ನಡುಪಟ್ಟಿ ಹೊಲಿಯುವ ದೃಶ್ಯವನ್ನು ಕೊನೆಯಲ್ಲಿಟ್ಟೆ. ಅವರು ತಮ್ಮ ನಾಟಕದಿಂದಲೇ ಹೊರಗಿಟ್ಟಿದ್ದನ್ನು ನಾನು ನನ್ನದೆಂಬ ನಾಟಕದೊಳಗೆ ತಂದೆ.

ಟೈಲರನ ಹೆಂಡತಿಯ ಪಾತ್ರ ಮಾಡಿದವಳು ನಮ್ಮದೇ ಗೋದಾಮಿನ ಗೆಳತಿ. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಮನೆಯವಳು, ಮಸ್ಕತ್ತಿನಲ್ಲಿ ಬೆಳೆದು ಇಲ್ಲಿಗೆ ಬಂದವಳು. ಕಥೆ ಮೇಷ್ಟ್ರದೆಂದು ಅವಳಿಗೆ ಅಷ್ಟಿಷ್ಟು ಗೊತ್ತಿತ್ತು. ಹೆಸರು ಹಾಕಿಯೇ ಇರುತ್ತೇನೆ ಎಂದು ನಂಬಿದ್ದಳು. ಪ್ರದರ್ಶನದ ದಿನ ಹೇಳದೆ ಕೇಳದೆ ಮೇಷ್ಟ್ರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದುಬಿಟ್ಟಳು. ಅವರಿಬ್ಬರೂ ಭಾನುವಾರ ಒಂದೇ ಚರ್ಚಿಗೆ ಹೋಗುವವರು. ನಾನು ಅವರನ್ನು ಕರೆದಿರಲಿಲ್ಲ. ಟಿಕೆಟ್ ಮುಗಿದಿದೆ ಎಂದು ಹೇಳಿದ್ದೆ, ಆ ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ನಮ್ಮ ಸರದಿಗೆ ಹತ್ತು ನಿಮಿಷವಿತ್ತು. ಬಣ್ಣದ ಕೋಣೆಯಲ್ಲಿ ಎಂಟು ಜನ ನಿಂತಿದ್ದೆವು. ಬಾಗಿಲು ತೆರೆಯಿತು. ಕಂದು ಬಣ್ಣದ ಹಳೆಯ ಸೂಟು, ಮೀಸೆಗೆ ಹೊಸ ಬಣ್ಣ, ಕೈಯಲ್ಲಿ ನಮ್ಮ ಕರಪತ್ರ. ಮೇಷ್ಟ್ರು ಎರಡೂ ತೋಳು ಚಾಚಿ, ಕೋಣೆ ತುಂಬುವ ದನಿಯಲ್ಲಿ ಇಂಗ್ಲಿಷಿನಲ್ಲಿ ಕೂಗಿದರು:

“ಶಿಟ್! ಮಾಯೆಸ್ತ್ರಾ, ನಿನಗೆ ಶಿಟ್! ತುಂಬಾ ತುಂಬಾ ಶಿಟ್!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕರಪತ್ರವನ್ನು ಯಾರೋ ಇವರಿಗೆ ಓದಿ ಹೇಳಿದ್ದಾರೆ, ಬೈಯಲು ಬಂದಿದ್ದಾರೆ, ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾರೆ, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ತಪ್ಪು ಮಾಡಿದವರಿಗೆ ಬರುವ ಕೋಪಕ್ಕೆ ಬೇರೆಯದೇ ಬಿಸಿ ಇರುತ್ತದೆ. “ಗೆಟ್ ಔಟ್!” ಎಂದು ಕಿರುಚಿದೆ. ಕೊಳಕು ಬಾಯಿಯ ಮುದುಕ, ಹೆಂಗಸರ ಹತ್ತಿರ ಮಾತಾಡುವುದು ಕಲಿತಿಲ್ಲ, ಹೊರಗೆ ಹಾಕಿ ಎಂದೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒದರಿದೆ. ಚಾಚಿದ ತೋಳುಗಳು ನಿಧಾನವಾಗಿ ಇಳಿದವು. ಅವರು ಏನೋ ಹೇಳಲು ಬಾಯಿ ತೆರೆದರು. ಇಂಗ್ಲಿಷು ಸಿಗಲಿಲ್ಲ. ತಲೆ ಬಗ್ಗಿಸಿ, ಹಿಂದಕ್ಕೆ ಹೆಜ್ಜೆಯಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

“ಎಂತ ಮಾರಾಯ್ತಿ ನೀನು! ವಯಸ್ಸಾದವರಿಗೆ ಹಾಗೆ ಹೇಳುದಾ?” ಎಂದಳು ಗೆಳತಿ.

“ನೀನು ಸುಮ್ನಿರು. ನಿನ್ನಿಂದಾನೇ ಆಗಿದ್ದು ಇದೆಲ್ಲ” ಎಂದು ಅವಳ ಮೇಲೂ ಹಾರಿಬಿದ್ದೆ.

ಮೂರನೇ ಬೆಲ್ ಆಯಿತು. ರಚನೆ, ನಿರ್ದೇಶನ ಎಂದು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಮೇಷ್ಟ್ರು ಹೋಗಿರಲಿಲ್ಲ, ಹಿಂದಿನ ಸಾಲಿನ ತುದಿಯಲ್ಲಿ ಕೂತಿದ್ದರು. ಸೈಡ್ ವಿಂಗಿನಿಂದ ನಾನು ನಾಟಕ ನೋಡಲಿಲ್ಲ, ಅವರನ್ನೇ ನೋಡಿದೆ. ಒಂದು ಪದವೂ ತಿಳಿಯದ ಭಾಷೆಯಲ್ಲಿ ತಮ್ಮ ನಾಟಕವನ್ನು ಅವರು ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದರು, ಎಲ್ಲೆಲ್ಲಿ ಏನಾಗುತ್ತದೆಂದು ಗೊತ್ತಿದ್ದವರಿಗೆ ಭಾಷೆ ಯಾಕೆ ಬೇಕು? ತೋಳಿಲ್ಲದ ಕೋಟಿಗೆ ಜನ ನಕ್ಕಾಗ ಅವರೂ ನಕ್ಕರು. ಕೊನೆಯ ದೃಶ್ಯ ಬಂತು. ಗೆಳತಿ ಕತ್ತರಿ ತೆಗೆದುಕೊಂಡು ಕೆಂಪು ರವಿಕೆಯ ಹೊಲಿಗೆ ಬಿಚ್ಚತೊಡಗಿದಳು. ಅವರ ತುಟಿ ನಿಂತಿತು. ಸಭೆಯಲ್ಲಿ ಅಳದವರೇ ಇರಲಿಲ್ಲ, ಅವರೊಬ್ಬರನ್ನು ಬಿಟ್ಟು.

ಬಹುಮಾನ ನಮಗೇ ಬಂತು. ಹಾರ, ಶಾಲು, ಮೈಸೂರು ಪೇಟ, ಫೋಟೊ ಎಲ್ಲ ಆಯಿತು. ಪೇಟ ತೆಗೆಯದೆಯೇ ಊಟದ ಸಾಲಿನ ಕಡೆ ಬಂದಾಗ ಮೇಷ್ಟ್ರು ನನಗಾಗಿ ಕಾಯುತ್ತಿದ್ದರು. ಓಡಿಹೋಗಲು ದಾರಿಯಿರಲಿಲ್ಲ.

“ಕ್ಷಮಿಸು ಮಾಯೆಸ್ತ್ರಾ. ಆ ಪದ ಇಲ್ಲಿ ಹೇಳಬಾರದಿತ್ತು, ನನ್ನದು ತಪ್ಪು” ಎಂದರು. ಅವರು ನನ್ನ ಹತ್ತಿರ ಕ್ಷಮೆ ಕೇಳಿದರು! ನಾನು ದೊಡ್ಡವಳ ಹಾಗೆ ‘ಪರವಾಗಿಲ್ಲ’ ಎಂದೆ. ಹೌದು, ಪರವಾಗಿಲ್ಲ ಎಂದೆ.

“ಕೆಂಪು ಬಟ್ಟೆಯನ್ನೂ ಹಾಕಿದೆ” ಎಂದರು. ಅದು ಪ್ರಶ್ನೆಯೂ ಆಗಿರಲಿಲ್ಲ, ದೂರೂ ಆಗಿರಲಿಲ್ಲ. ಆಮೇಲೆ ಕರಪತ್ರ ಬಿಡಿಸಿ ಹಿಡಿದರು. “ಕೂಗಿದ್ದು ನನಗೆ ಕೇಳಿಸಲಿಲ್ಲ, ಕಿವಿ ಮಂದ. ನನ್ನ ಹೆಸರು ಇದರಲ್ಲಿ ಎಲ್ಲಿದೆ, ತೋರಿಸು.”

ಕನ್ನಡ ಅಕ್ಷರ ಅವರಿಗೆ ಗೆರೆ, ಸೊನ್ನೆ, ಬಳ್ಳಿ. ನನ್ನ ಹಿಂದೆ ಸಂಘದವರು ನಿಂತಿದ್ದರು, ಪಕ್ಕದಲ್ಲಿ ಗಂಡ ಪ್ಲೇಟು ಹಿಡಿದು ನಿಂತಿದ್ದ. ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಪೇಟ ಇಳಿಸಬೇಕಾಗುತ್ತಿತ್ತು, ಅಷ್ಟೇ. ನನ್ನ ಬೆರಳು ಹಾಳೆಯ ಮೇಲೆ ಹೋಗಿ, ಕೊನೆಯಲ್ಲಿದ್ದ ಒಂದು ಸಾಲಿನ ಮೇಲೆ ನಿಂತಿತು.

“ಇಲ್ಲಿ” ಎಂದೆ.

ಅವರು ಆ ಸಾಲನ್ನು ಬೆರಳಲ್ಲಿ ಸವರಿದರು. ಜೇಬಿನಿಂದ ಪೆನ್ನು ತೆಗೆದು ಅದರ ಕೆಳಗೆ ನೇರವಾಗಿ ಗೆರೆ ಎಳೆದುಕೊಂಡರು. ಮನೆಗೆ ಹೋಗುವ ದಾರಿಯಲ್ಲಿ ಗಂಡ, “ಅದೇನೇ ತೋರಿಸಿದ್ದು ನೀನು ಅವರಿಗೆ?” ಎಂದು ಕೇಳಿದ. ನಾನು ಕಾರಿನ ರೇಡಿಯೊ ಹಾಕಿದೆ. ಅವನು ಓದಿದ್ದ, ಓದಿಯೇ ಕೇಳಿದ್ದ.

ಅದಾದ ಮೂರನೇ ವಾರ ಮೇಷ್ಟ್ರ ಮಗಳಿಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು, ಅವರು ಊರು ಬಿಟ್ಟರು. ಕೊನೆಯ ದಿನ ಗೋದಾಮಿನಲ್ಲಿ ಕೇಕು ಕತ್ತರಿಸಿದಾಗ ನಾನು ಮೀಟಿಂಗ್ ಇದೆ ಎಂದು ಪರ್ತ್ ಸಿಟಿಗೆ ಹೋಗಿ, ಅಲ್ಲಿ ಪುಕ್ಕಟೆ ಬಸ್ಸು ಹತ್ತಿ ಎರಡು ಸುತ್ತು ಸುತ್ತಿ ಬಂದೆ. ನನಗೆ ನಿರಾಳವಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನಿರಾಳವಾಗಿತ್ತು.

ಬ್ರಿಸ್ಬೇನಿನ ಪ್ರದರ್ಶನದ ದಿನ ಸಭಾಂಗಣದ ಬೆಳಕು ನೋಡಿಕೊಳ್ಳುವವನು ಅರ್ಜೆಂಟೀನಾದಿಂದ ಬಂದವನು. ನಾಟಕಕ್ಕೆ ಮುಂಚೆ ಬಣ್ಣದ ಕೋಣೆಗೆ ಇಣುಕಿ, ನಗುತ್ತ ಸ್ಪ್ಯಾನಿಷಿನಲ್ಲಿ, ಅಂದರೆ ಮೇಷ್ಟ್ರ ಭಾಷೆಯಲ್ಲೇ, ಎರಡು ಪದ ಹೇಳಿ ಕೈ ಬೀಸಿದ. ಅದೇನು ಎಂದು ನಮ್ಮ ತಂಡದವರು ಕೇಳಿದರು. ಅವನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ: ತುಂಬಾ ಹೇಲು! ಹಿಂದೆ ಜನ ಕುದುರೆ ಗಾಡಿಯಲ್ಲಿ ನಾಟಕಕ್ಕೆ ಬರುತ್ತಿದ್ದರಲ್ಲ, ಬಾಗಿಲಲ್ಲಿ ಲದ್ದಿ ಹೆಚ್ಚಿದಷ್ಟೂ ಒಳಗೆ ಪ್ರೇಕ್ಷಕರು ಹೆಚ್ಚು. ಹಾಗಾಗಿ ಅವರ ಭಾಷೆಯ ನಾಟಕದವರು ರಂಗಕ್ಕೆ ಹೋಗುವವರಿಗೆ ಹೀಗೇ ಹರಸುತ್ತಾರಂತೆ. “ಒಳ್ಳೆಯದಾಗಲಿ ಎಂದು ಹೇಳಿದರೆ ನಮಗೆ ಅಪಶಕುನ. ಇದನ್ನು ನಮ್ಮವರು ನಮ್ಮವರಿಗೆ ಮಾತ್ರ ಹೇಳುತ್ತೇವೆ” ಎಂದ.

ಎಲ್ಲರೂ ನಕ್ಕರು. ಗೆಳತಿ ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, “ಕೇಳಿತಾ?” ಎಂದಳು, ಅಷ್ಟೇ.

ಕೇಳಿತು. ಅವರು ನನ್ನನ್ನು ತಮ್ಮವಳೆಂದು ಹರಸಲು ತೋಳು ಚಾಚಿಕೊಂಡು ಬಂದಿದ್ದರು. ನಾನು ಕೊಳಕು ಬಾಯಿ ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಇಷ್ಟಾದ ಮೇಲಾದರೂ ಬ್ರಿಸ್ಬೇನಿನ ಜನಕ್ಕೆ ನಿಜ ಹೇಳಿದೆನೇ? ಇಲ್ಲ. ಅಲ್ಲಿಯೂ ರಚನೆ ನನ್ನದೇ ಆಯಿತು, ಅಲ್ಲಿಯೂ ಶಾಲು ಹೊದಿಸಿಕೊಂಡೆ. ಹೆಂಗಸೊಬ್ಬರು ಬಂದು, “ಆ ರವಿಕೆ ಬಿಚ್ಚೋ ಸೀನು ಹೆಂಗೆ ಹೊಳೀತು ಮೇಡಂ ನಿಮ್ಗೆ?” ಎಂದು ಕೇಳಿದಾಗ, “ಹಾಗೇ ಬಂತು” ಎಂದೆ.

ಅಡಿಲೇಡಿಗೆ ಒಂದು ದಿನ ಮೊದಲೇ ಹೋದೆ. ವಿಳಾಸ ಗೆಳತಿ ಕೊಟ್ಟಳು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದವಳು ಮಗಳು, ನರ್ಸಿನ ಉಡುಪಿನಲ್ಲೇ ಇದ್ದಳು. “ಓ, ಅಪ್ಪನ ಮಾಯೆಸ್ತ್ರಾ!” ಎಂದು ನನ್ನನ್ನು ತಬ್ಬಿಕೊಂಡಳು. ಒಳಗೆ ಮೇಷ್ಟ್ರು ಊರುಗೋಲು ಹಿಡಿದು ಕೂತಿದ್ದರು. ದೆವ್ವವಾಗಿ ಬಿದ್ದು ಬಿದ್ದು ಸವೆದ ಸೊಂಟಕ್ಕೆ ಆಪರೇಷನ್ ಆಗಿತ್ತು. ಮೀಸೆಗೆ ಬಣ್ಣವಿರಲಿಲ್ಲ. ಅವರ ಹಿಂದಿನ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಚೌಕಟ್ಟಿನೊಳಗೆ ನಮ್ಮ ಕರಪತ್ರವಿತ್ತು.

“ಈ ದೇಶದಲ್ಲಿ ಅಚ್ಚಾದ ಅಪ್ಪನ ಹೆಸರು ಇದೊಂದೇ” ಎಂದಳು ಮಗಳು. “ಮನೆಗೆ ಬಂದವರಿಗೆಲ್ಲ ತೋರಿಸ್ತಾನೆ. ಆಸ್ಪತ್ರೆಗೂ ತಗೊಂಡು ಹೋಗಿದ್ದ, ಡಾಕ್ಟರಿಗೆ ತೋರಿಸೋಕೆ.” ಹೀಗೆ ಹೇಳಿ ಕೆಲಸಕ್ಕೆ ಹೊರಟಳು.

ಗೆರೆ ಎಳೆದ ಸಾಲು ಕುರ್ಚಿಯಲ್ಲಿ ಕೂತಲ್ಲಿಂದಲೇ ಓದಲು ಬರುತ್ತಿತ್ತು. ನಾನು ಸುತ್ತಿಬಳಸಿ ಹೇಳಲು ಮೂರು ಸಲ ಶುರುಮಾಡಿ, ನಾಲ್ಕನೆಯ ಸಲ ನೇರವಾಗಿ ಹೇಳಿದೆ. ನಾಟಕ ನಾನೇ ಬರೆದದ್ದೆಂದು ಹಾಕಿಸಿದ್ದೇನೆ, ನಿಮ್ಮ ಹೆಸರು ಎಲ್ಲಿಯೂ ಇಲ್ಲ, ನಾನು ತೋರಿಸಿದ ಸಾಲು ನಿಮ್ಮದಲ್ಲ ಎಂದೆ. ಬಣ್ಣದ ಕೋಣೆಯಲ್ಲಿ ಆಡಿದ ಮಾತಿಗೂ ತಪ್ಪಾಯಿತು ಎಂದೆ. ಅವರು ಊರುಗೋಲನ್ನು ಎತ್ತಿ ಗೋಡೆಯ ಚೌಕಟ್ಟನ್ನು ತೋರಿಸಿದರು.

“ಹಾಗಾದರೆ ಅಲ್ಲಿ ಏನು ಬರೆದಿದೆ? ಓದು.”

“ಬೇಡ ಮೇಷ್ಟ್ರೇ.”

“ಓದು.”

ಓದಿದೆ. “ಊಟ ಮತ್ತು ಉಪಾಹಾರದ ವ್ಯವಸ್ಥೆ: ಪಿಯಾರಾ ವಾಟರ್ಸ್‌ನ ಗೆಳತಿಯರು.” ಆಮೇಲೆ ಅದನ್ನು ಇಂಗ್ಲಿಷಿನಲ್ಲೂ ಹೇಳಬೇಕಾಯಿತು. ಆ ಎರಡು ನಿಮಿಷಗಳಲ್ಲಿ ಆದಷ್ಟು ಹೇಸಿಗೆ ನನ್ನ ಬಗ್ಗೆ ನನಗೆ ಎಂದೂ ಆದದ್ದಿಲ್ಲ.

“ಊಟ ಚೆನ್ನಾಗಿತ್ತು” ಎಂದರು ಮೇಷ್ಟ್ರು. ನಗಿಸಲು ಹೇಳಿದ್ದು, ಅಭ್ಯಾಸ. ಅವರ ಮುಖ ಮಾತ್ರ ಆ ಮಾತಿನ ಜೊತೆ ಬರಲಿಲ್ಲ.

ನಾಳೆ ರಂಗದ ಮೇಲೆ ನಿಂತು ಎಲ್ಲರ ಎದುರು ನಿಮ್ಮ ಹೆಸರು ಹೇಳುತ್ತೇನೆ, ದಯವಿಟ್ಟು ಬನ್ನಿ ಎಂದು ಕೇಳಿಕೊಂಡೆ. ಅವರು ತಲೆಯಾಡಿಸಿದರು, ಬರುವುದಿಲ್ಲ ಎಂದು. “ಹೆಸರು ಹೇಳು. ಅಮ್ಮನ ಕೆಂಪು ಬಟ್ಟೆ ತೆಗೆದುಬಿಡು” ಎಂದರು. ಚೌಕಟ್ಟನ್ನು ಇಳಿಸಲೇ ಎಂದು ಕೇಳಿದೆ. “ಇರಲಿ. ಮಗಳಿಗೆ ಹೇಳಬೇಡ” ಎಂದರು. ಹೊರಡುವಾಗ ಅವರು ಮಾಯೆಸ್ತ್ರಾ ಎನ್ನಲಿಲ್ಲ.

ಮರುದಿನ ತಂಡಕ್ಕೆ ವಿಷಯ ತಿಳಿಸಿದಾಗ ಜಗಳವೇ ಆಯಿತು. ಕೊನೆಯ ದೃಶ್ಯ ತೆಗೆದರೆ ನಾಟಕ ಸಪ್ಪೆ ಎಂದರು ಕೆಲವರು, ಇಷ್ಟು ದೂರ ಬಂದು ಈ ಹರಿಶ್ಚಂದ್ರನ ವೇಷ ಯಾಕೆ ಎಂದರು ಇನ್ನು ಕೆಲವರು. ಗೆಳತಿ ಒಬ್ಬಳೇ ಕೆಂಪು ರವಿಕೆಯನ್ನು ಮಡಿಸಿ ಚೀಲದೊಳಗಿಟ್ಟಳು. ಮೇಷ್ಟ್ರ ಹೆಸರನ್ನು ಅವರು ಹೇಳುವಂತೆಯೇ ಹೇಳಬೇಕೆಂದು ಬೆಳಗಿನಿಂದ ಇಪ್ಪತ್ತು ಸಲ ಬಾಯಿಪಾಠ ಮಾಡಿದ್ದೆ. ಗೆಳತಿ ವೇಷದಲ್ಲೇ ಫೋನ್ ಹಿಡಿದು ಮುಂದಿನ ಸಾಲಿನಲ್ಲಿ ನಿಂತಳು. ಇದನ್ನಾದರೂ ಅವರಿಗೆ ಕಳಿಸೋಣ ಎಂದಿದ್ದಳು.

ಮೂರನೇ ಬೆಲ್ ಆದ ಮೇಲೆ ಪರದೆಯ ಮುಂದೆ ಬಂದೆ. “ಈ ನಾಟಕ ನಾನು ಬರೆದದ್ದಲ್ಲ. ನನ್ನದೆಂದು ಸುಳ್ಳು ಹೇಳಿ ಬಹುಮಾನ ತೆಗೆದುಕೊಂಡಿದ್ದೇನೆ. ಆ ಬಹುಮಾನವನ್ನು ವಾಪಸು ಕೊಡುತ್ತೇನೆ” ಎಂದೆ. ಸಭೆಯಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಅದು ಸಾಲಿಂದ ಸಾಲಿಗೆ ಹಬ್ಬಿತು, ಜನ ಎದ್ದು ನಿಂತರು. ಸಂಘದ ಹಿರಿಯರೊಬ್ಬರು ರಂಗದ ಮೇಲೇ ಬಂದು, “ಎಂಥ ದೊಡ್ಡ ಮನಸ್ಸಮ್ಮ ನಿಮ್ದು! ಈ ಕಾಲದಲ್ಲಿ ಯಾರ್ ಹೇಳ್ತಾರೆ ಹೀಗೆ?” ಎಂದು, ಬೇಡ ಬೇಡ ಎಂದರೂ ಕೇಳದೆ, ಕೊನೆಗೆ ಕೊಡಬೇಕಾಗಿದ್ದ ಶಾಲನ್ನು ಆಗಲೇ ಹೊದಿಸಿದರು. ಆ ಗದ್ದಲದಲ್ಲೇ ನಾನು ಮೇಷ್ಟ್ರ ಹೆಸರನ್ನು, ಊರನ್ನು ಹೇಳಿದೆ, ಹೆಸರನ್ನು ಎರಡು ಸಲ ಹೇಳಿದೆ.

ಗೆಳತಿ ಅಂದೇ ವಿಡಿಯೊ ಕಳಿಸಿದಳು. ಹೋಟೆಲಿನ ಕೋಣೆಯಲ್ಲಿ ಕೂತು ನಾನೂ ಅದನ್ನು ನೋಡಿದೆ. ನಾನಿದ್ದೇನೆ, ಶಾಲು ಇದೆ, ಎದ್ದು ನಿಂತ ಜನರಿದ್ದಾರೆ. ನನ್ನ ತುಟಿ ಅಲ್ಲಾಡುತ್ತದೆ. ಅದರ ಮೇಲೆ ಮಳೆ ಸುರಿದ ಹಾಗೆ ಚಪ್ಪಾಳೆ.

ಮಾರನೆಯ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿದ್ದಾಗ ನನ್ನ ಫೋನಿಗೆ ಮೇಷ್ಟ್ರ ಸಂದೇಶ ಬಂತು. “ನೋಡಿದೆ. ಮೂರು ಸಲ ನೋಡಿದೆ. ನನ್ನ ಹೆಸರು ಯಾವಾಗ ಹೇಳಿದೆ?”

ಏನೇನೋ ಟೈಪು ಮಾಡಿ ಅಳಿಸಿದೆ. ಕೊನೆಗೆ, “ಅವರು ನನಗೆ ಚಪ್ಪಾಳೆ ತಟ್ಟುತ್ತಿದ್ದಾಗ” ಎಂದು ಬರೆದು ಕಳಿಸಿದೆ.